ಮಗನ ಹೆಸರು ಕರೆದ ಸಂಜೆ

ಎಪಿದಾವ್ರೋಸ್ ಎಂಬ ಊರಿನ ಹಳೆಯ ಬಯಲು ರಂಗಮಂದಿರದ ಬಾಗಿಲಲ್ಲಿ ಲಾಂಬ್ರೋಸ್ ಮೂವತ್ತು ವರ್ಷದಿಂದ, ಕಲ್ಲಿನ ಮೆಟ್ಟಿಲ ಮೇಲೆ ಕೂತು ನಾಟಕ ನೋಡುವವರಿಗೆ ದಿಂಬು ಬಾಡಿಗೆಗೆ ಕೊಡುತ್ತಿದ್ದ. ಒಂದು ನಾಟಕವನ್ನೂ ನೋಡಿದವನಲ್ಲ. "ದುಡ್ಡು ಕೊಟ್ಟು ಅಳೋಕೆ ಬರ್ತಾರಲ್ಲ, ಇವರಿಗೇನು ತಲೆ ಕೆಟ್ಟಿದ್ಯಾ?" ಎಂದು ನಗುತ್ತಿದ್ದ.

ಹೋದ ಚಳಿಗಾಲದಲ್ಲಿ ಅವನ ಮಗ ಮಿಲ್ತೋಸ್ ಬೈಕಿನಿಂದ ಬಿದ್ದು ತೀರಿಹೋದ. ನಲವತ್ತನೇ ದಿನದ ತಿಥಿಗೆ ಬೇಯಿಸಿದ ಗೋಧಿಯನ್ನು ಊರಿಗೆಲ್ಲ ಹಂಚುವಾಗಲೂ ಲಾಂಬ್ರೋಸನ ಕಣ್ಣಲ್ಲಿ ಹನಿ ನೀರಿಲ್ಲ. ಗಂಡಸು ಅತ್ತರೆ ಮನೆ ಕುಸಿಯುತ್ತದೆ ಎಂಬುದು ಅವನ ನಂಬಿಕೆ. ಮನೆಯಲ್ಲಿ ಮಗನ ಹೆಸರೆತ್ತುವುದೇ ನಿಂತುಹೋಯಿತು. ಹೆಂಡತಿ ಮಾರ್ಗೋ ಕೋಳಿಗೂಡಿಗೆ ಹೋಗಿ ಅಳುತ್ತಿದ್ದಳು. ಇವನಿಗೋ ಊಟ ಸೇರದು, ನಿದ್ದೆ ಬಾರದು, ಎದೆಯ ಮೇಲೆ ಬಂಡೆ ಇಟ್ಟ ಹಾಗೆ.

ಆಸ್ಪತ್ರೆಯಲ್ಲಿ ಹೃದಯ ಚೆನ್ನಾಗಿದೆ ಎಂದರು. ಆಮೇಲೆ ಊರಿನ ನರ್ಸ್ ಅರ್ಗಿರೋ ಮನೆಗೆ ಬಂದಳು.

"ಮಾವ, ಒಂದ್ಸಲನಾದ್ರೂ ಅತ್ತಿದ್ದೀರಾ?"

"ಅತ್ರೆ ಹುಡುಗ ಎದ್ದು ಬರ್ತಾನೇನಮ್ಮ?"

"ಅವನು ಬರಲ್ಲ. ನೀವಾದ್ರೂ ಉಳೀಬೇಕಲ್ಲ! ನೀವು ದಿಂಬು ಕೊಡೋ ಜಾಗದ ಪಕ್ಕದಲ್ಲೇ ಹಿಂದೆ ವಾಸಿಯಾಗಲಿ ಅಂತ ರೋಗಿಗಳು ಬಂದು ಮಲಗೋ ಗುಡಿ ಇತ್ತು. ನಾಟಕ ನೋಡಿ ಅತ್ತು ಮನಸ್ಸು ತೊಳ್ಕೊಳ್ಳೋದಕ್ಕೆ ನಮ್ಮ ಹಿರಿಯರು ಕಥಾರ್ಸಿಸ್ ಅಂತ ಹೆಸರೇ ಇಟ್ಟಿದ್ರು. ಹೊಟ್ಟೆ ತೊಳ್ಯೋದಕ್ಕೂ ಅದೇ ಮಾತು."

"ಅಂದ್ರೆ ನನಗೆ ಭೇದಿ ಮಾತ್ರೆ ಕೊಡೋಕೆ ಬಂದಿದ್ದೀಯ ಅನ್ನು!"

ಮಾರ್ಗೋ ನಕ್ಕಳು. ಆ ಸಂಜೆ ಗಂಡನ ಕೈ ಹಿಡಿದು ನಾಟಕಕ್ಕೆ ಎಳೆದುಕೊಂಡೇ ಹೋದಳು.

ಇಬ್ಬರೂ ಮೇಲಿನ ಮೆಟ್ಟಿಲಲ್ಲಿ ಕೂತರು. ಕೆಳಗೆ ರಂಗದ ಮೇಲೆ ಮುದುಕಿಯ ಪಾತ್ರದವಳು ಸತ್ತ ಮಗನನ್ನು ಪಿಸುದನಿಯಲ್ಲಿ ಕರೆದಳು. ಕೆಳಗೆ ಬೆಂಕಿಕಡ್ಡಿ ಗೀರಿದರೂ ಮೇಲೆ ಕೇಳುತ್ತದೆ ಎಂದು ಪ್ರವಾಸಿಗರಿಗೆ ಹೇಳುತ್ತಿದ್ದವನು ತಾನೇ. ಇಂದು ಒಬ್ಬ ತಾಯಿಯ ಉಸಿರು ಅವನ ಕಿವಿಗೇ ಬಂತು. ಸುತ್ತ ನೋಡಿದ. ಸಾವಿರಾರು ಜನ, ಗಂಡಸರೂ ಕೂಡ, ನಾಚಿಕೆಯಿಲ್ಲದೆ ಕಣ್ಣೊರೆಸಿಕೊಳ್ಳುತ್ತಿದ್ದರು. ಎರಡು ಸಾವಿರ ವರ್ಷಗಳಿಂದ ಇದೇ ಕಲ್ಲಿನ ಮೇಲೆ ಎಷ್ಟು ಅಪ್ಪಂದಿರು ಕೂತು ಅತ್ತಿರಬೇಕು!

"ಮಿಲ್ತೋ..." ಎಂದು ಮಗನನ್ನು ಕರೆದ. ಕಟ್ಟೆಯೊಡೆದಂತೆ ಅಳು ಬಂತು. ಮುಂದೆ ಕೂತ ಹೆಂಗಸು ತಿರುಗಿಯೂ ನೋಡದೆ ಕರವಸ್ತ್ರ ಹಿಂದಕ್ಕೆ ಚಾಚಿದಳು.

ಮನೆಗೆ ಬಂದು ಇಬ್ಬರೂ ಬ್ರೆಡ್ಡು, ಆಲಿವ್ ತಿಂದರು.

"ನಮ್ಮ ಹುಡುಗ ದಿಂಬೆಲ್ಲ ಗುಡ್ಡೆ ಹಾಕಿ ಮೇಲಿಂದ ಹಾರ್ತಿದ್ದ, ನೆನಪಿದ್ಯಾ?" ಎಂದ ಲಾಂಬ್ರೋಸ್. ಇಬ್ಬರೂ ನಕ್ಕರು, ಮತ್ತೆ ಅತ್ತರು. ಬಂಡೆ ಪೂರ್ತಿ ಕರಗಲಿಲ್ಲ, ಆದರೆ ಉಸಿರಾಡಲು ಜಾಗವಾಯಿತು. ಮಾರ್ಗೋ ಮತ್ತೆ ಕೋಳಿಗೂಡಿಗೆ ಹೋದದ್ದು ಮೊಟ್ಟೆ ತರುವುದಕ್ಕೆ ಮಾತ್ರ.

ಅಣ್ಣಂದಿರೇ, ಅಕ್ಕಂದಿರೇ, ಎದೆನೋವು ಬಂದರೆ ಮೊದಲು ಆಸ್ಪತ್ರೆಗೆ ಹೋಗಿ. ದುಃಖವಾದರೆ ನಿಮ್ಮವರ ಪಕ್ಕ ಕೂತು ಅಳಿ, ಗಂಡಸಾದರೂ ಅಳಿ. ಅತ್ತರೂ ಭಾರ ಇಳಿಯದಿದ್ದರೆ ಆರೋಗ್ಯ ಕಾರ್ಯಕರ್ತೆಗೆ ಹೇಳಿ. ನಿಮ್ಮ ಮನೆಯಲ್ಲಿ ಯಾರ ಹೆಸರು ಎತ್ತುವುದು ನಿಂತುಹೋಗಿದೆಯೋ, ಆ ಹೆಸರನ್ನು ಇವತ್ತು ಬಾಯಿತುಂಬ ಕರೆಯಿರಿ.