ಮಾತಿನ ಪಾಟಿ

ತುಳಸಿ ಎಲೆಯ ತುದಿಯಿಂದ ವಿನೋದ ತಾಯಿಯ ಬಾಯಿಗೆ ಮೂರನೆಯ ಹನಿ ಬಿಡುತ್ತಿದ್ದಾಗ, ಅಂಗಳದಿಂದ ತಾಯಿಯ ದನಿಯೇ ಕೇಳಿಬಂತು.

“ನೀರ್ ಬೇಕು.”

ಎಲೆ ಅವನ ಕೈಯಿಂದ ಜಾರಿತು. ಸುತ್ತ ಕೂತಿದ್ದ ಹೆಂಗಸರ ಅಳು ಅರ್ಧಕ್ಕೇ ನಿಂತಿತು. ಮೂಗಿಗೂ ಕಿವಿಗೂ ಹತ್ತಿ ಇಟ್ಟುಕೊಂಡ ಗಣಪಿ, ಬೇರೆ ಯಾರದೋ ಕನಸಿನೊಳಗೆ ಬಂದು ಮಲಗಿದವಳಂತೆ ಚಾಪೆಯ ಮೇಲಿದ್ದಳು. ಬೆಳಕೆ ಊರಿನ ಕಡಲ ಕಡೆಯಿಂದ ಬಂದ ಮಂಜು ಇನ್ನೂ ಅಂಗಳ ಬಿಟ್ಟಿರಲಿಲ್ಲ. ಅದರೊಳಗಿಂದ ಮತ್ತೆ ಅದೇ ದನಿ, ಅದೇ ಒಡಕು.

“ನೀರ್ ಬೇಕು.”

“ಅಯ್ಯೋ ದೇವ್ರೇ, ನನ್ ತಂಗಿ ನೀರ್ ಕೇಳ್ತದ್ಯಲ್ಲೋ!” ಗಣಪಿಯ ಅಕ್ಕ ಈರಮ್ಮ ಎದೆ ಹಿಡಿದುಕೊಂಡಳು.

“ಅಲ್ಲ ಈರಮ್ಮಾರೆ, ಹೆದ್ರಬೇಡಿ. ಪಾಟಿ ಅದು.” ಗಣಪಿ ಕೆಲಸಕ್ಕಿದ್ದ ವಿಶೇಷ ಮಕ್ಕಳ ಶಾಲೆಯ ಶಾಂಭವಿ ಟೀಚರ್ ಮಂಜಿನಿಂದ ಗಾಲಿಕುರ್ಚಿ ತಳ್ಳಿಕೊಂಡು ಜಗಲಿಯ ಬುಡಕ್ಕೆ ಬಂದರು. ಕುರ್ಚಿಯಲ್ಲಿ ಹನ್ನೆರಡು ವರ್ಷದ, ಮಾತು ಬಾರದ ಧನ್ಯಾ. ಅವಳ ಕುತ್ತಿಗೆ ಒಂದು ಕಡೆ ವಾಲಿತ್ತು. ಹತ್ತು ಬೆರಳುಗಳಲ್ಲಿ ಒಂದು ಮಾತ್ರ ಅವಳು ಹೇಳಿದಂತೆ ಕೇಳುತ್ತಿತ್ತು. ಆ ಬೆರಳು ತೊಡೆಯ ಮೇಲಿನ ಸಪೂರ ಯಂತ್ರದ ಮೇಲಿತ್ತು. ಅದರ ಗಾಜಿನ ತುಂಬ ಚಿತ್ರಗಳು. ಒತ್ತಿದರೆ ಚಿತ್ರ ಮಾತಾಡುತ್ತಿತ್ತು, ಗಣಪಿಯ ದನಿಯಲ್ಲಿ.

“ಬಂದ್ ಮಾಡಿ ಟೀಚರೆ ಅದನ್ನ. ನಂಗೆ ಕೇಳೂಕೆ ಆಗೂದಿಲ್ಲ,” ಎಂದ ವಿನೋದ.

“ಬಂದ್ ಮಾಡಿದ್ರೆ ಇವಳ ಬಾಯಿ ಮುಚ್ಚಿದ ಹಾಗೆ ವಿನೋದ.”

“ಮಗುಗೆ ಆಸರಾಗಿರ್ಬೇಕು, ಒಂದ್ ಲೋಟ ನೀರ್ ತಕಂಬನ್ನಿ,” ಎಂದಳು ಈರಮ್ಮ. ಯಾರೋ ತಂದರು. ಧನ್ಯಾ ತುಟಿ ಬಿಗಿದಳು. ನೀರು ಅವಳ ಫ್ರಾಕಿನ ಮೇಲೆ ಚೆಲ್ಲಿತು.

ಬೇಲಿಯ ಹತ್ತಿರ ನಿಂತಿದ್ದ ಸುದರ್ಶನ ಗಡಿಯಾರ ನೋಡಿಕೊಂಡ. ಪಾಟಿ ಕೊಟ್ಟ ಕುಮಟಾದ ಟ್ರಸ್ಟಿನವನು. ಪಾಟಿಯ ಮೂರು ತಿಂಗಳ ಪರೀಕ್ಷೆ ಈ ದಿನಕ್ಕೆ ಮುಗಿಯುತ್ತಿತ್ತು. ಅದನ್ನು ವಾಪಸು ಒಯ್ಯಲು ಬೆಳಿಗ್ಗೆ ಧನ್ಯಾಳ ಭಟ್ಕಳದ ಶಾಲೆಗೆ ಬಂದಿದ್ದ. ಧನ್ಯಾ ಕೊಟ್ಟಿರಲಿಲ್ಲ. ಹಾಗಾಗಿ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಸಾವಿನ ಮನೆಗೇ ಬಂದಿದ್ದ.

“ಕೊಂಡೋದ್ಮೇಲೆ ಅದರೊಳಗಿನ ದನಿ ಎಂತ ಆಗ್ತದೆ?” ವಿನೋದ ಕೇಳಿದ.

ಸುದರ್ಶನ ನೆಲ ನೋಡಿದ. “ಅಳಿಸ್ತಾರೆ. ಬೇರೆ ಶಾಲೆಗೆ ಕೊಡಬೇಕಲ್ಲ.”

*

ಮೂರು ತಿಂಗಳ ಹಿಂದೆ ಪಾಟಿ ಶಾಲೆಗೆ ಬಂದ ದಿನ ಅದರಲ್ಲಿ ಬೇರೆ ದನಿಯಿತ್ತು. “ದಯವಿಟ್ಟು ನನಗೆ ನೀರು ಕೊಡಿ,” ಎಂದಿತು. ಮಕ್ಕಳು ಬೆಚ್ಚಿ ಹಿಂದೆ ಸರಿದರು. ಅಡುಗೆಮನೆಯಿಂದ ಗಣಪಿ ಇಣುಕಿದಳು. ಮಕ್ಕಳಿಗೆ ಉಣಿಸಿ, ತೊಳೆದು, ಎತ್ತಿ ಇಳಿಸಿ ಹತ್ತೊಂಬತ್ತು ವರ್ಷವಾಗಿತ್ತು ಅವಳಿಗೆ.

“ಇದೆಂತ ಟೀಚರೆ, ಮುರ್ಡೇಶ್ವರ ಸ್ಟೇಶನ್ನಲ್ಲಿ ಗಾಡಿ ಲೇಟು ಅಂದಂಗೆ ಹೇಳ್ತದೆ? ನಮ್ ಮಕ್ಕಳ ಹೊಟ್ಟೆಯಿಂದ ಇಂಥ ಮಾತು ಬತ್ತದಾ?”

ಟೀಚರ್ ತಮ್ಮ ದನಿ ಹಾಕಿ ನೋಡಿದರು. ಅವರ ಊರು ಸಂತೆಗುಳಿಯ ಮಾತು, ಇಲ್ಲಿಯದಲ್ಲ. ಧನ್ಯಾ ಮುಖ ತಿರುಗಿಸಿದಳು. ಕೊನೆಗೆ ಗಣಪಿಯೇ ದನಿ ಕೊಡಲು ಕೂತಳು. ಮೀನು ಮಾರುವವರನ್ನು ಕೂಗಿ ಕೂಗಿ ಒಡೆದ ದನಿ. ನೀರು, ಅನ್ನ, ನೋವು, ಕಕ್ಕಸು. ಪಟ್ಟಿ ಮುಗಿಯಿತು.

“ಇಷ್ಟೇಯಾ?” ಎಂದಳು. “ಬೈಯೂಕೆ ಒಂದ್ ಮಾತು ಬ್ಯಾಡ್ವಾ? ಜನ್ಮಪೂರ್ತಿ ಅನ್ನ ನೀರು ಬೇಡ್ತಾ ಕೂತ್ಕಣಬೇಕಾ ಈ ಮಕ್ಕಳು?”

ಸಿಟ್ಟಿನ ಮುಖದ ಚಿತ್ರಕ್ಕೆ ಅವಳೇ ಮಾತು ಕೊಟ್ಟಳು: “ಎಂತ, ಕಿವಿಗೆ ಹತ್ತಿ ತುರ್ಕಂಡಿದ್ಯಾ?” ಆಮೇಲೆ ನಾಚಿಕೊಂಡು, ತನ್ನದೊಂದು ಫೋಟೋ ಹಾಕಿಸಿ, ತನ್ನನ್ನು ತಾನೇ ಕರೆದಳು: “ಗಣಪಕ್ಕಾ, ಓ ಗಣಪಕ್ಕಾ!” ಹತ್ತೊಂಬತ್ತು ವರ್ಷದಲ್ಲಿ ಆ ಶಾಲೆಯ ಒಂದು ಮಗುವೂ ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ. ಧನ್ಯಾ ಅದನ್ನು ಒತ್ತಿದಾಗೆಲ್ಲ ಗಣಪಿ ಅಡುಗೆಮನೆಯಿಂದ “ಓ, ಬಂದೆ” ಎನ್ನುತ್ತಿದ್ದಳು.

*

ಪರೀಕ್ಷೆಗೆ ಒಂದು ಶರತ್ತಿತ್ತು. ಮಗು ಯಾರ ನೆರವೂ ಇಲ್ಲದೆ ಎರಡು ಚಿತ್ರ ಜೋಡಿಸಿ ತನ್ನದೇ ಒಂದು ಮಾತು ಹೇಳಬೇಕು. ಹೇಳಿದರೆ ಪಾಟಿ ಅದಕ್ಕೇ ಉಳಿಯುತ್ತದೆ. ಮಾತು ಬಾರದವರ ಮಾತನ್ನು ಅಳೆಯಲು ಮಾತು ಬಲ್ಲವರು ಫಾರ್ಮು ಮಾಡಿದ್ದರು.

ಧನ್ಯಾ ಒಂದು ಚಿತ್ರವಾದ ಮೇಲೆ ಎರಡನೆಯದನ್ನು ಒತ್ತಲೇ ಇಲ್ಲ. ಅವಳ ಕಣ್ಣು ಹೊರಳುವುದರೊಳಗೆ ಗಣಪಿ ಲೋಟ ಹಿಡಿದು ನಿಂತಿರುತ್ತಿದ್ದಳು.

“ನೀವು ಅರ್ಥ ಮಾಡ್ಕೊಂಡ್ಬಿಟ್ರೆ ಅವಳು ಯಾಕೆ ಒತ್ತಬೇಕು?” ಎಂದಿದ್ದ ಸುದರ್ಶನ. “ಸ್ವಲ್ಪ ದಿನ ಗೊತ್ತಾಗದವರ ಹಾಗೆ ಇರಿ.”

ಗಣಪಿ ಗೊತ್ತಾಗದವಳಾದಳು. ಇಪ್ಪತ್ತು ದಿನ. ಧನ್ಯಾ ನೋಡಿದರೆ ಗೋಡೆ ನೋಡಿದಳು. “ಎಂತ ಮಗಾ? ನಂಗೆ ತಿಳಿಲಿಲ್ಲ. ಇನ್ನೊಂದು ಒತ್ತು,” ಎಂದಳು. ಮಗು ಅವಳನ್ನು ನೋಡುವುದನ್ನೇ ಬಿಟ್ಟಿತು. ಶನಿವಾರ ಮಾತ್ರ ಬಸ್ಸು ಹತ್ತುವಾಗ ಸಿಟ್ಟಿನ ಮುಖ ಒತ್ತಿತು. ಗಣಪಿ ನಕ್ಕಳು. ಬಸ್ಸು ಹೋದ ಮೇಲೆ ಪಾತ್ರೆ ತಿಕ್ಕುವ ಕಟ್ಟೆಯ ಹಿಂದೆ ಕೂತು ಅತ್ತಳು. “ಸೋಮವಾರದಿಂದ ನಾ ಗೊತ್ತಿಲ್ದವ್ಳಂಗೆ ಇರೂದಿಲ್ಲ ಟೀಚರೆ. ಪಾಟಿ ಹೋದ್ರೆ ಹೋಗ್ಲಿ. ಅದು ಕೇಳೂಕಿಂತ ಮೊದ್ಲೇ ಕೊಡ್ತೆ,” ಎಂದಳು.

ಭಾನುವಾರ ಸಂಜೆ ಬಟ್ಟೆ ಹಿಂಡುತ್ತ ಬಿದ್ದವಳು ಮತ್ತೆ ಏಳಲಿಲ್ಲ.

*

“ಹೊತ್ತಾತು, ಎತ್ತುವ,” ಎಂದರು ಗಂಡಸರು. ಚಟ್ಟ ಸಿದ್ಧವಾಗಿತ್ತು.

ಧನ್ಯಾಳ ಬೆರಳು ಇಳಿಯಿತು. “ಎಂತ, ಕಿವಿಗೆ ಹತ್ತಿ ತುರ್ಕಂಡಿದ್ಯಾ?”

ಎಲ್ಲರೂ ಗಣಪಿಯ ಕಿವಿ ನೋಡಿದರು. ಒಬ್ಬಳು ಸೆರಗಿನೊಳಗೆ ಫಕ್ಕನೆ ನಕ್ಕು, ಹಾಗೇ ಬಿಕ್ಕಿದಳು.

“ಗಣಪಕ್ಕ ಇನ್ನೂ ಗೊತ್ತಾಗದವರ ಹಾಗೆ ಮಾಡ್ತಿದ್ದಾರೆ ಅಂತ ತಿಳ್ಕೊಂಡಿದ್ದಾಳೆ,” ಎಂದರು ಟೀಚರ್.

ಧನ್ಯಾ ಇಲ್ಲ ಎಂಬಂತೆ ತಲೆಯನ್ನು ಕುರ್ಚಿಗೆ ಉಜ್ಜಿದಳು. ಬೆರಳು ಎದ್ದಿತು. ಗಾಳಿಯಲ್ಲಿ ದಾರಿ ತಪ್ಪಿತು, ತಿರುಗಿ ಬಂತು, ಇಳಿಯಿತು.

“ನೀರ್ ಬೇಕು.”

ಯಾರೋ ಮತ್ತೆ ಲೋಟ ಎತ್ತಿದರು. ಟೀಚರ್ ಕೈ ಅಡ್ಡ ಹಿಡಿದರು. ಬೆರಳು ಇನ್ನೂ ಹೊರಟೇ ಇತ್ತು.

“ಗಣಪಕ್ಕಾ, ಓ ಗಣಪಕ್ಕಾ!”

ಮೊದಲು ತಿಳಿದದ್ದು ವಿನೋದನಿಗೆ. “ಅದಕ್ಕಲ್ಲ ನೀರು. ಅಮ್ಮಂಗೆ. ನಾವೆಲ್ಲ ಬಿಟ್ಟೆವಲ್ಲ, ಅದೂ ಬಿಡ್ತದಂತೆ.”

“ಹೊರಗಿನವ್ರು ಬಾಯಿಗೆ ನೀರ್ ಬಿಡೂದಾ? ರಕ್ತಸಂಬಂಧದವ್ರು ಮಾತ್ರ ಮಗಾ,” ಎಂದಳು ಈರಮ್ಮ.

“ಹೊರಗಿನವ್ಳಾ? ನಂಗೆ ಜ್ವರ ಬಂದ ದಿನನೂ ಅಮ್ಮ ಇವಳಿಗೆ ಉಣ್ಸೂಕೆ ಹೋಗಿತ್ತು ದೊಡ್ಡಮ್ಮಾ. ಹೊಟ್ಟೆ ಉರ್ಕಂಡವ ನಾನು. ನಾನೇ ಹೇಳ್ತೆ, ಬಿಡ್ಲಿ.”

ಅವನು ಧನ್ಯಾಳನ್ನು ಎತ್ತಿ ಚಾಪೆಯ ಪಕ್ಕ ತನ್ನ ತೊಡೆಯ ಮೇಲೆ ಕೂರಿಸಿಕೊಂಡ. ಆ ಒಂದು ಬೆರಳಿಗೂ ತನ್ನ ಬೆರಳಿಗೂ ನಡುವೆ ತುಳಸಿ ಎಲೆ ಸಿಕ್ಕಿಸಿದ. ಎಲೆ ವಾಲಿತು. ನೀರು ಗಣಪಿಯ ಗಲ್ಲಕ್ಕೆ, ಕುತ್ತಿಗೆಗೆ, ಹೊಸ ಸೀರೆಗೆ ಬಿತ್ತು. ಒಂದು ಹನಿ ಒಳಗೆ ಹೋಯಿತು.

ಸುದರ್ಶನ ಫಾರ್ಮು ತೆಗೆದು, ಎರಡು ಚಿತ್ರ ಜೋಡಿಸಿದ ಮಾತಿಗೆಂದು ಖಾಲಿ ಇದ್ದ ಚೌಕದಲ್ಲಿ ಗುರುತು ಹಾಕಿದ. ಮತ್ತೆ ಚೀಲದ ಬಾಯಿ ಎಳೆದು ಅದನ್ನು ಬೇಲಿಗೆ ನೇತುಹಾಕಿ, ಚಟ್ಟಕ್ಕೆ ಹೆಗಲು ಕೊಡಲು ಹೋದ.

ಚಟ್ಟ ಹೊತ್ತವರನ್ನು ಮಂಜು ಸೊಂಟದಿಂದ ಕೆಳಗೆ ನುಂಗಿತ್ತು. ಗಣಪಿ ದೋಣಿಯಲ್ಲಿ ಹೋದಂತೆ ತೇಲುತ್ತ ಹೋದಳು. ಈರಮ್ಮ ಹಿಡಿಸೂಡಿ ತಂದು ಅಂಗಳ ಗುಡಿಸತೊಡಗಿದಳು.

ಮತ್ತೆ ಕುರ್ಚಿಯಲ್ಲಿ ಕೂರಿಸಿದ್ದ ಧನ್ಯಾಳ ಪಾಟಿಯಿಂದ ದನಿ ಬಂತು. “ಗಣಪಕ್ಕಾ, ಓ ಗಣಪಕ್ಕಾ!”

ಹಿಡಿಸೂಡಿ ನಿಂತಿತು. ಬೇಲಿಯ ಮೇಲೆ ಖಾಲಿ ಚೀಲ ಗಾಳಿ ತುಂಬಿಕೊಂಡು ಉಬ್ಬಿತು, ಇಳಿಯಿತು.

“ಓ,” ಎಂದಳು ಈರಮ್ಮ, ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ. “ಬಂದೆ.”