ಬೆನ್ನಿಗೊಂದು ತಗಡು, ತಗಡಿಗೊಂದು ರೆಕ್ಕೆ

ದಿನವಿಡೀ ಬೇರೆಯವರ ಕೈಲಿ ಆಯ್ಕೆ ಮಾಡಿಸುವುದೇ ಅವರ ಕಸುಬಾಗಿತ್ತು. ಕತ್ತಲೆ ಕೋಣೆಯಲ್ಲಿ ಬಂದವರನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಇಟ್ಟು, ಒಂದು ಗಾಜು ಹಾಕಿ ತೆಗೆದು ಇನ್ನೊಂದು ಹಾಕಿ, “ಇದು ಸ್ಪಷ್ಟವೋ, ಅದು ಸ್ಪಷ್ಟವೋ?” ಎಂದು ಕೇಳುವರು. ಯಾರಾದರೂ ತಡವರಿಸಿದರೆ, “ಜಾಸ್ತಿ ಯೋಚನೆ ಮಾಡ್ಬೇಡಿ, ಮೊದಲು ಅನ್ನಿಸಿದ್ದು ಹೇಳಿ” ಎಂದು ಮೆಲ್ಲಗೆ ಗದರುವರು. ಅವರು ಡಾಕ್ಟರಲ್ಲ, ಕಣ್ಣು ಅಳೆದು ಕನ್ನಡಕ ಮಾಡಿಕೊಡುವವರು. ಆದರೂ ಬೀದಿಯವರೆಲ್ಲ ಡಾಕ್ಟ್ರು ಎಂದು ಕರೆದು ಕರೆದು, ಅವರೂ ತಿದ್ದುವುದನ್ನು ಬಿಟ್ಟುಬಿಟ್ಟಿದ್ದರು.

ಇಂಥ ಡಾಕ್ಟ್ರು ತಮಗೆ ಬೇಕಾದ ಒಂದೇ ಒಂದು ಸಾಮಾನನ್ನು ಆರಿಸಲಾರದೆ ಮೀನ ಮೇಷ ಎಣಿಸುತ್ತಾ ಕೂತು ವರ್ಷ ಕಳೆಯುತ್ತಾ ಬಂದಿತ್ತು.

ಕಥೆ ಶುರುವಾದದ್ದು ಸಮುದ್ರದಲ್ಲಿ. ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದ ಹೆಂಡತಿಗೆ ಒಂದು ದಿನ ಇದ್ದಕ್ಕಿದ್ದಂತೆ ಸಿಲಿಂಡರ್ ಹೊತ್ತು ನೀರಿನಾಳಕ್ಕೆ ಇಳಿಯುವ ಸ್ಕೂಬಾ ಕಲಿಯಬೇಕು ಅನ್ನಿಸಿತು. ತರಗತಿಗೆ ಗಂಡನ ಹೆಸರನ್ನೂ ಸೇರಿಸಿಯೇ ಬಂದಳು. ಈಜುಕೊಳದಲ್ಲಿ ಇಬ್ಬರೂ ಸಲೀಸಾಗಿ ಪಾಸಾದರು. ಆಮೇಲೆ ದೋಣಿಯಲ್ಲಿ ಹೋಗಿ ನಿಜವಾದ ನೀರಿಗಿಳಿದಾಗ ಡಾಕ್ಟ್ರಿಗೆ ಕೊಟ್ಟಿದ್ದ, ಗಾಳಿ ತುಂಬಿ ತೇಲಿಸುವ ಬಾಡಿಗೆಯ ಜಾಕೆಟ್ಟು ಕಿವಿಯವರೆಗೆ ಏರಿ ಕೂತಿತು. ಗಾಳಿ ತುಂಬಿಸಿದರೆ ಪಕ್ಕೆಲುಬು ಹಿಂಡಿತು, ಬಿಟ್ಟರೆ ಮೈ ಒಂದು ಕಡೆಗೆ ವಾಲಿತು. ಅವರು ಅರ್ಧಕ್ಕೇ ಮೇಲೆ ಬಂದು, “ಈ ಜಾಕೆಟ್ಟು ಸರಿ ಇಲ್ಲ” ಎಂದು ಘೋಷಿಸಿದರು. ಕೆಳಗಿಳಿಯುವಾಗ ಎದೆ ಡವಡವ ಹೊಡೆದುಕೊಂಡಿದ್ದನ್ನು ಯಾರಿಗೂ ಹೇಳಲಿಲ್ಲ. ಅದೂ ಜಾಕೆಟ್ಟಿನ ಬಿಗಿತದಿಂದಲೇ ಎಂದುಕೊಂಡರು. ಜಾಕೆಟ್ಟು ತಮಗೆ ದೊಡ್ಡದಾಗಿತ್ತು, ಸಡಿಲವಾಗಿತ್ತು ಎಂಬುದು ಮನೆಗೆ ಬಂದ ಮೇಲೆ ನೆನಪಾಯಿತು. ಆ ನೆನಪನ್ನು ಅವರು ಹೆಚ್ಚು ಕೆದಕಲಿಲ್ಲ.

ಹೆಂಡತಿಯದೂ ಅದೇ ಅಂಗಡಿಯ, ಬಣ್ಣ ಮಾಸಿದ ಬಾಡಿಗೆ ಜಾಕೆಟ್ಟೇ. ಅವಳು ಪೂರ್ತಿ ಮುಳುಗಿ, ಆಮೆ ನೋಡಿ, ನಗುನಗುತ್ತಾ ಬಂದಿದ್ದಳು.

“ನಂಗೂ ಏರ್ತಾ ಇತ್ತು ರೀ. ಕೆಳಗೆ ಎಳ್ಕೊಂಡೆ.”

“ಎಳ್ಕೊಂಡ್ರೆ ಆಗೋದಲ್ಲ ಅದು. ಮೂಲದಲ್ಲೇ ದೋಷ ಇದೆ.”

ಮೂಲದೋಷಕ್ಕೆ ಮದ್ದು ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ಬ್ಯಾಕ್‌ಪ್ಲೇಟ್ ಮತ್ತು ವಿಂಗ್. ಬೆನ್ನಿಗೆ ಒಂದು ಲೋಹದ ತಗಡು, ಅದರ ಹಿಂದೆ ಗಾಳಿ ತುಂಬುವ ಚೀಲ, ಅದರ ಹಿಂದೆ ಸಿಲಿಂಡರ್. ಚೀಲ ಉಬ್ಬಿದಾಗ ಬೆನ್ನಿನ ಎರಡೂ ಕಡೆ ರೆಕ್ಕೆ ಬಿಚ್ಚಿದಂತೆ ಕಾಣುವುದರಿಂದ ಅದಕ್ಕೆ ಆ ಹೆಸರು. ಎಲ್ಲವನ್ನೂ ಮೈಗೆ ಕಟ್ಟುವುದು ತಗಡಿನ ಸೀಳುಗಳಲ್ಲಿ ಪೋಣಿಸಿದ ಒಂದೇ ಉದ್ದನೆಯ ಪಟ್ಟಿ. ಎದೆ, ಹೊಟ್ಟೆಯ ಮೇಲೆ ಏನೂ ಇಲ್ಲ. ಹಿಂಡುವುದಕ್ಕೆ ಜಾಗವೇ ಇಲ್ಲ. ಡಾಕ್ಟ್ರಿಗೆ ಮೊದಲ ನೋಟಕ್ಕೇ ಮನಸ್ಸು ಸೋತಿತು.

ಸೋತ ಮನಸ್ಸಿಗೆ ಸಂಕಟಗಳು ಒಂದೆರಡಲ್ಲ. ತಗಡು ಉಕ್ಕಿನದೋ ಅಲ್ಯೂಮಿನಿಯಮ್ಮಿನದೋ? ಉಕ್ಕಾದರೆ ಭಾರ, ಆದರೆ ಆ ಭಾರ ಬೆನ್ನಿನಲ್ಲೇ ಇದ್ದರೆ ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸ ಕಡಿಮೆ ಸಾಕು. ಅಲ್ಯೂಮಿನಿಯಮ್ಮಾದರೆ ಹಗುರ, ವಿಮಾನದಲ್ಲಿ ಒಯ್ಯಬಹುದು. ಡಾಕ್ಟ್ರು ವಿಮಾನ ಹತ್ತುವ ಯೋಚನೆಯಲ್ಲೇನೂ ಇರಲಿಲ್ಲ, ಆದರೆ ಹತ್ತುವುದೇ ಇಲ್ಲ ಎನ್ನಲಿಕ್ಕಾಗುತ್ತದೆಯೇ? ಚೀಲ ಕುದುರೆ ಲಾಳದ ಹಾಗಿರಬೇಕೋ, ಬಳೆಯ ಹಾಗೆ ಸುತ್ತ ಕೂಡಿಕೊಂಡಿರಬೇಕೋ? ಚಿಕ್ಕದಾದರೆ ಎತ್ತಲಾರದು, ದೊಡ್ಡದಾದರೆ ಸಿಲಿಂಡರನ್ನು ಅಪ್ಪಿಕೊಂಡು ಮಡಚಿಹೋಗಿ, ಗಾಳಿ ಮೂಲೆಯಲ್ಲಿ ಸಿಕ್ಕಿಹಾಕಿಕೊಳ್ಳುವುದು. ರಾತ್ರಿ ಊಟಕ್ಕೆ ಕೂತರೆ ತಟ್ಟೆಯನ್ನೂ ಒಮ್ಮೆ ಎತ್ತಿ ತೂಕ ನೋಡುವ ಹಂತಕ್ಕೆ ಬಂದರು.

ಇದರ ಬಗ್ಗೆ ಹುಡುಕಿ ಹುಡುಕಿ ಓದಿದ್ದು ವ್ಯರ್ಥವಾಗಲಿಲ್ಲ. ಡೈವಿಂಗ್ ಅಂಗಡಿಯ ಯಜಮಾನ, ಸದಾ ಒದ್ದೆ ಚಪ್ಪಲಿಯಲ್ಲಿ ಪಚಪಚ ಓಡಾಡುವ ದಪ್ಪ ಮನುಷ್ಯ, ಇವರ ಜ್ಞಾನಕ್ಕೆ ಬೆರಗಾದ. ರಬ್ಬರಿನ ವಾಸನೆ ಹೊಡೆಯುವ ಆ ಅಂಗಡಿಗೆ ಯಾರೇ ಬಂದು ಉಕ್ಕು ಒಳ್ಳೆಯದಾ ಎಂದು ಕೇಳಿದರೂ, “ನಮ್ಮ ಡಾಕ್ಟ್ರಿಗೆ ಫೋನ್ ಮಾಡಿ” ಎನ್ನತೊಡಗಿದ. ಕಣ್ಣಿನ ಯಂತ್ರಕ್ಕೆ ಗಲ್ಲ ಊರಿ ಕೂತ ರೋಗಿಯನ್ನು ಹಾಗೇ ಕೂರಿಸಿ ಡಾಕ್ಟ್ರು ಫೋನಿನಲ್ಲಿ ಕೇಳುವರು: “ನಿಮ್ಮ ರಬ್ಬರ್ ಸೂಟು ದಪ್ಪದ್ದೋ ತೆಳುವೋ? ದಪ್ಪದ್ದಾ? ಹಾಗಾದ್ರೆ ಅದೇ ನಿಮ್ಮನ್ನ ತೇಲಿಸತ್ತೆ, ಉಕ್ಕು ತಗೊಳ್ಳಿ. ಕಣ್ಣು ಮುಚ್ಕೊಂಡು ತಗೊಳ್ಳಿ.” ಜನ ಕಣ್ಣು ಮುಚ್ಚಿಕೊಂಡು ತೆಗೆದುಕೊಂಡರು. ನೀರಿಗಿಳಿದು ಬಂದು ಬಾಯಿತುಂಬ ಹೊಗಳಿದರು. ಡಾಕ್ಟ್ರ ಮಾತು ನಂಬಿ ಹಾಳಾದವರು ಒಬ್ಬರೂ ಇರಲಿಲ್ಲ. ಅವರೊಬ್ಬರು ಮಾತ್ರ ಒಣಗಿಕೊಂಡೇ ಇದ್ದರು.

ಬಸ್ ಓಡಿಸುವ ಭಾವಮೈದುನ ಒಂದು ಮಧ್ಯಾಹ್ನ ಬಂದ. ಅಕ್ಕ ಹೇಳಿದ್ದು ಕೇಳಿ ಅವನಿಗೂ ಡೈವಿಂಗ್ ಹುಚ್ಚು ಹತ್ತಿ, ಕಲಿತದ್ದೂ ಆಗಿತ್ತು. ಭಾವನನ್ನು ಅಂಗಡಿಗೆ ಕರೆದುಕೊಂಡು ಹೋಗಿ, “ಭಾವ, ಯಾವುದು?” ಎಂದ. ಭಾವ ತೋರಿಸಿದರು. “ಕಟ್ಕೊಡಿ” ಎಂದ. ಅಷ್ಟೇ. ಹಿಂದಿನಿಂದ ಬಸ್ಸೊಂದು ಹಾರ್ನ್ ಹೊಡೆಯುತ್ತಿದೆಯೇನೋ ಎಂಬ ಅವಸರ. ಮುಂದಿನ ಭಾನುವಾರ ಸಮುದ್ರದಿಂದ ಬಂದವನು ಸೋಫಾದಲ್ಲಿ ಕಾಲು ಚಾಚಿ, “ತೊಟ್ಟಿಲಲ್ಲಿ ಮಲಗಿದ ಹಾಗಿತ್ತು ಭಾವ! ನಿಮ್ಮದು ಹೇಗಿದೆ?” ಎಂದು ಕೇಳಿದ.

ಡಾಕ್ಟ್ರು ಕನ್ನಡಕ ಒರೆಸಿಕೊಂಡರು. ಹೆಂಡತಿ ಬಟ್ಟೆ ಮಡಚುತ್ತಿದ್ದವಳು ತಲೆಯೆತ್ತದೆ ಹೇಳಿದಳು: “ಅವರದು ಇನ್ನೂ ಹುಟ್ಟಿಲ್ಲ. ನಮ್ಮ ವಾರ್ಡಲ್ಲಾಗಿದ್ರೆ ಇಷ್ಟೊತ್ತಿಗೆ ಆಪರೇಷನ್ ಮಾಡಿರ್ತಿದ್ರು.”

ಭಾವಮೈದುನನ ಮುಂದೆ ಮುಖದ ನೀರಿಳಿದಂತಾಯಿತು. ಮರುದಿನವೇ ಡಾಕ್ಟ್ರು ಅಂಗಡಿಗೆ ಹೋಗಿ, ಬೇರೆಯವರಿಗೆಲ್ಲ ಹೇಳುತ್ತಿದ್ದ ಅದೇ ಉಕ್ಕಿನ ತಗಡು, ಅದೇ ಬಳೆಯಾಕಾರದ ಚೀಲ ತಂದರು. ಯಜಮಾನ ಅಂಗಡಿಗೆ ಬಂದವರನ್ನೆಲ್ಲ ಕರೆದು ತೋರಿಸಿದ: “ನೋಡಿ, ಡಾಕ್ಟ್ರೇ ಇದನ್ನ ತಗೊಂಡ್ರು ಅಂದ್ರೆ!”

ತಂದ ಮೇಲೆ ಹೊಸ ಫಜೀತಿ. ಪಟ್ಟಿ ಕಾರ್ಖಾನೆಯಿಂದ ಉದ್ದಕ್ಕೇ ಬರುತ್ತದೆ. ಮೈಗೆ ಅಳವಡಿಸಿ, ಹೆಚ್ಚಾದುದನ್ನು ಕತ್ತರಿಸಿ, ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಬೇಕು. ಡಾಕ್ಟ್ರು ಅಳೆದರು. ಸೂಟು ಹಾಕಿ ಅಳೆದರು, ಬಿಚ್ಚಿ ಅಳೆದರು, ಊಟಕ್ಕೆ ಮುಂಚೆ, ಊಟವಾದ ಮೇಲೆ. ಸೀಮೆಸುಣ್ಣದ ಗುರುತುಗಳಿಂದ ಪಟ್ಟಿ ಬೆಳ್ಳಗಾಯಿತೇ ವಿನಾ ಕತ್ತರಿ ಹೊರಬರಲಿಲ್ಲ. ಹೆಂಡತಿ ಒಂದು ಬೆಳಿಗ್ಗೆ ರಾತ್ರಿಪಾಳಿ ಮುಗಿಸಿ ಮನೆಗೆ ಬಂದಾಗ, ಗಂಡ ಹಜಾರದ ಕನ್ನಡಿಯ ಮುಂದೆ ಮೈಗಂಟಿದ ಕಪ್ಪು ಸೂಟಿನಲ್ಲಿ, ಬೆನ್ನಿಗೆ ತಗಡು ಹೊತ್ತು, ಬೆವರು ಸುರಿಸುತ್ತಾ ನಿಂತಿದ್ದರು. ಪಟ್ಟಿಯ ತುದಿ ಮೊಣಕಾಲ ಹತ್ತಿರ ತೂಗಾಡುತ್ತಿತ್ತು.

“ಇದೇನು ರೀ, ಬಾಲ?”

“ಒಂದ್ಸಲ ಕತ್ತರಿಸಿದ್ರೆ ಮತ್ತೆ ಸೇರಿಸೋಕಾಗಲ್ಲ ಕಣೇ. ನಾಳೆ ನಾನು ದಪ್ಪ ಆದ್ರೆ?”

ಅವಳು ಕೈಚೀಲ ಕೆಳಗಿಟ್ಟು, ಗಂಡನ ಭುಜ ಹಿಡಿದು ಗೋಡೆಯ ಕಡೆ ತಿರುಗಿಸಿದಳು. “ಕಣ್ಣು ಮುಚ್ಚಿ. ಇದು ಸರಿಯೋ,” ಪಟ್ಟಿಯನ್ನು ಒಮ್ಮೆ ಬಿಗಿದಳು, “ಇದು ಸರಿಯೋ?” ಸ್ವಲ್ಪ ಸಡಿಲಿಸಿದಳು. “ಜಾಸ್ತಿ ಯೋಚನೆ ಮಾಡ್ಬೇಡಿ.”

“ಎರಡನೇದು,” ಎಂದು ಅವರ ಬಾಯಿ ತಾನಾಗಿ ಹೇಳಿಬಿಟ್ಟಿತು.

ಕಚಕ್ ಎಂದು ಕತ್ತರಿಯ ಶಬ್ದ. ಅವರು ಕಣ್ಣು ಬಿಟ್ಟು ಚೇತರಿಸಿಕೊಳ್ಳುವಷ್ಟರಲ್ಲಿ ಹೆಂಡತಿ ತಗಡನ್ನು ಕಳಚಿ ಒಯ್ದು ಅಡುಗೆಮನೆಯ ಒಲೆಯಲ್ಲಿ ಪಟ್ಟಿಯ ತುದಿ ಸುಡುತ್ತಿದ್ದಳು. ಕಟ್ಟಿಕೊಂಡು ನೋಡಿದರೆ, ಹೊಲಿಸಿ ತಂದ ಹಾಗೆ ಕೂತಿತ್ತು.

ಹಾಗೆ ನೀರಿಗಿಳಿಯುವ ಭಾನುವಾರ ಬಂದೇಬಿಟ್ಟಿತು. ದೋಣಿಯಲ್ಲಿ ಅಂಗಡಿಯ ಯಜಮಾನ, ಭಾವಮೈದುನ, ಗಂಡ ಹೆಂಡತಿ. ನೀರು ಎಣ್ಣೆ ಸುರಿದ ಹಾಗೆ ಅಲುಗಾಡದೆ ಬಿದ್ದಿತ್ತು. ಗಾಳಿ ಇಲ್ಲ, ಮೋಡವಿಲ್ಲ. ಭಾವಮೈದುನ ಮೊದಲು ಜಿಗಿದ. ಹೆಂಡತಿ ಮಾಸಿದ ಬಾಡಿಗೆ ಜಾಕೆಟ್ಟನ್ನು ಕೆಳಗೆ ಎಳೆದುಕೊಂಡು, ಕಣ್ಣು ಮೂಗು ಮುಚ್ಚುವ ಮಾಸ್ಕನ್ನು ಒತ್ತಿ ಹಿಡಿದು, ಅವನ ಹಿಂದೆಯೇ ಬಿದ್ದಳು. ಡಾಕ್ಟ್ರು ದೋಣಿಯ ಬೆಂಚಿನ ಮೇಲೆ ಕೂತೇ ಇದ್ದರು.

ಗಾಳಿ ತುಂಬಿಸುವ ಗುಂಡಿ ಒತ್ತಿ ನೋಡಿದರು, ಚೀಲ ಉಬ್ಬಿತು. ಬಿಡುವ ಗುಂಡಿ ಒತ್ತಿದರು, ಇಳಿಯಿತು. ಭುಜದ ಪಟ್ಟಿಯ ಕೆಳಗೆ ಬೆರಳು ತೂರಿಸಿದರು. ಎಷ್ಟು ಬೇಕೋ ಅಷ್ಟೇ ಜಾಗ. ತಗಡು ಬೆನ್ನಿನ ಗೂಡಿಗೆ ಎರಕ ಹೊಯ್ದ ಹಾಗಿತ್ತು. ಒಂದು ಸ್ಕ್ರೂ ಸಡಿಲವಿರಲಿ, ಒಂದು ಹೊಲಿಗೆ ಬಿಟ್ಟಿರಲಿ ಎಂದು ಹುಡುಕಿದರು. ಬಾಯಿಯಿಂದ ಬಾಯಿಗೆ ಹೊಗಳಿಸಿಕೊಂಡ ಅವರ ಆಯ್ಕೆಯಲ್ಲಿ ಎಳ್ಳಷ್ಟು ಐಬಿರಲಿಲ್ಲ. ಎದೆ ಮಾತ್ರ ಹಳೆಯ ಜಾಕೆಟ್ಟಿನೊಳಗೆ ಹೊಡೆದುಕೊಂಡ ಹಾಗೆಯೇ ಹೊಡೆದುಕೊಳ್ಳುತ್ತಿತ್ತು. ಈಗ ಅದನ್ನು ಯಾರ ತಲೆಗೆ ಕಟ್ಟುವುದು? ಇಷ್ಟು ಒಳ್ಳೆಯದನ್ನು ಆರಿಸಬಾರದಿತ್ತು ಎಂದು ಡಾಕ್ಟ್ರಿಗೆ ಮೊದಲ ಸಲ ಅನ್ನಿಸಿತು.

“ಏನಾದ್ರೂ ತೊಂದರೆನಾ ಡಾಕ್ಟ್ರೇ?” ಯಜಮಾನ ಗಾಬರಿಯಿಂದ ಕೇಳಿದ. ಅದೇ ತಗಡುಗಳನ್ನು ಅವನು ಅಂಗಡಿ ತುಂಬ ತರಿಸಿಟ್ಟಿದ್ದ.

“ಏನೂ ತೊಂದರೆ ಇಲ್ಲ,” ಡಾಕ್ಟ್ರು ಹೇಳಿದರು. ಆಮೇಲೆ ನೀರಿನ ಕಡೆ ನೋಡುತ್ತಾ, “ನಂಗೆ ಭಯ ಆಗ್ತಿದೆ” ಎಂದರು.

ಅದು ನೀರಿನವರೆಗೂ ಕೇಳಿಸಿತು. ಹೆಂಡತಿ ಈಜಿಕೊಂಡು ಏಣಿಯ ಹತ್ತಿರ ಬಂದು, ಮಾಸ್ಕನ್ನು ಹಣೆಗೇರಿಸಿದಳು.

“ನಂಗೂ ಆಗತ್ತೆ. ಪ್ರತಿ ಸಲಾನೂ.”

“ನಿನಗಾ? ಹೇಳಿದ ತಕ್ಷಣ ದಬಕ್ ಅಂತ ಬೀಳ್ತೀಯಲ್ಲ?”

“ಮತ್ತೇನು, ಯೋಚನೆ ಮಾಡ್ತಾ ಕೂತ್ರೆ ಇಳಿಯೋಕಾಗತ್ತಾ? ಅದಕ್ಕೇ ಯಾವ ಜಾಕೆಟ್ಟು ಕೊಟ್ರೂ ನೋಡದೆ ಹಾಕ್ಕೊಂಡು ಬಿದ್ದುಬಿಡ್ತೀನಿ.” ಅವಳ ತುಟಿ ಚಳಿಗೋ ಏನಕ್ಕೋ ಅದುರುತ್ತಿತ್ತು. “ಜಿಗೀಬೇಡಿ. ಏಣಿ ಇಳ್ಕೊಂಡು ಬನ್ನಿ. ನಾನು ಇಲ್ಲೇ ಇರ್ತೀನಿ.”

ಡಾಕ್ಟ್ರು ಹಿಂದುಮುಂದಾಗಿ, ಒಂದೊಂದೇ ಮೆಟ್ಟಿಲು ತಡವುತ್ತಾ ಇಳಿದರು. ಯಾರೂ ನಗಲಿಲ್ಲ. ನೀರು ಕುತ್ತಿಗೆಗೆ ಬಂದಾಗ ಹೆಂಡತಿಯ ಕೈ ಹಿಡಿದರು. ಇಬ್ಬರೂ ಲಂಗರಿನ ಹಗ್ಗದ ಗುಂಟ ಮೆಲ್ಲಗೆ ಕೆಳಗಿಳಿದರು. ಆಳವೇನೂ ಇರಲಿಲ್ಲ. ತಳದಲ್ಲಿ ಬರೀ ಮರಳು. ಎದೆಯ ಡವಡವ ನಿಲ್ಲಲಿಲ್ಲ, ಆದರೆ ಸ್ವಲ್ಪ ಹೊತ್ತಿಗೆ ಅದರ ಕಡೆ ಗಮನ ಕೊಡುವವರು ಯಾರೂ ಇರಲಿಲ್ಲ. ಏಕೆಂದರೆ ಮರಳಿನಿಂದ ಎರಡು ಕಣ್ಣುಗಳು ಅವರನ್ನೇ ನೋಡುತ್ತಿದ್ದವು. ರೊಟ್ಟಿಯ ಹಾಗೆ ಚಪ್ಪಟೆಯಾದ ಮೀನು. ಎರಡೂ ಕಣ್ಣು ಮುಖದ ಒಂದೇ ಕಡೆ, ಒಂದು ಈ ಕಡೆ ಹೊರಳಿದರೆ ಇನ್ನೊಂದು ಆ ಕಡೆ. ಡಾಕ್ಟ್ರು ಅದರ ಎದುರು ಅಡ್ಡಡ್ಡ ತೇಲುತ್ತಾ ನಿಂತುಬಿಟ್ಟರು. ಹೆಂಡತಿ ಸಿಲಿಂಡರಿನ ಗಾಳಿ ಅಳೆಯುವ ಮುಳ್ಳು ತೋರಿಸಿ ಮೇಲಕ್ಕೆ ಎಳೆಯುವವರೆಗೂ ಅಲ್ಲಾಡಲಿಲ್ಲ.

ದೋಣಿ ಹತ್ತಿದ ಕೂಡಲೇ ಭಾವಮೈದುನನೂ ಯಜಮಾನನೂ ಒಟ್ಟಿಗೆ ಬಾಯಿ ಹಾಕಿದರು: “ಹೇಗಿತ್ತು ಪ್ಲೇಟು?”

“ಪ್ಲೇಟಾ?” ಎಂದರು ಡಾಕ್ಟ್ರು. ಬೆನ್ನ ಮೇಲೊಂದು ತಗಡಿತ್ತು ಎಂಬುದೇ ಅವರಿಗೆ ಮರೆತುಹೋಗಿತ್ತು. ಹಾಗೆಂದು ಹೇಳಿದರು ಕೂಡ. ಯಜಮಾನ ತೊಡೆ ತಟ್ಟಿಕೊಂಡ. ಮುಂದೆ ಬಹಳ ಕಾಲ ಅವನು ಗಿರಾಕಿಗಳಿಗೆಲ್ಲ, “ಡಾಕ್ಟ್ರಿಗೆ ಬೆನ್ನಲ್ಲಿದ್ದಿದ್ದೇ ಗೊತ್ತಾಗಲಿಲ್ಲವಂತೆ” ಎಂದು ಹೇಳಿ ಮಾರಿದ. ಏಣಿಯ ಸಂಗತಿ ಮಾತ್ರ ಅವನ ಬಾಯಿಂದ ಎಂದೂ ಹೊರಬೀಳಲಿಲ್ಲ; ವ್ಯಾಪಾರಿಗೂ ಒಂದು ಮರ್ಯಾದೆ ಇರುತ್ತದೆ.

ದೋಣಿ ದಡದ ಕಡೆ ತಿರುಗಿತು. ಡಾಕ್ಟ್ರು ಹೆಂಡತಿಯ ಪಕ್ಕಕ್ಕೆ ಸರಿದು ಕೂತರು.

“ಆ ಮೀನಿಗೆ ಕನ್ನಡಕ ಮಾಡ್ಬೇಕು ಅಂದ್ರೆ ಮೂಗಿನ ಮೇಲೆ ಕೂರೋದೇ ಇಲ್ಲ ಕಣೇ.”

“ಅಷ್ಟು ಹೊತ್ತು ಅದನ್ನೇ ಯೋಚನೆ ಮಾಡ್ತಿದ್ರಾ?”

“ಹೂಂ.” ದನಿ ತಗ್ಗಿಸಿ ಕೇಳಿದರು: “ನಿನಗೆ ನಿಜವಾಗ್ಲೂ ಪ್ರತಿ ಸಲಾನೂ ಭಯ ಆಗತ್ತಾ? ನನ್ನನ್ನ ಇಳಿಸೋಕೆ ಹೇಳಿದ್ದಲ್ಲ ತಾನೇ?”

“ಜಿಪ್ ಕೆಳಗೆ ಎಳೀರಿ ಮೊದಲು, ಒದ್ದೆಗೆ ಚಳಿ ಆಗ್ತಿದೆ” ಎಂದು ಅವಳು ಬೆನ್ನು ತಿರುಗಿಸಿ ಕೂತಳು. ಒದ್ದೆ ಸೂಟಿನ ಜಿಪ್ಪು ನಡುವೆ ಕಚ್ಚಿಕೊಂಡಿತು. ಡಾಕ್ಟ್ರು ಒಂದು ಕೈಯಿಂದ ಅವಳ ಭುಜ ಹಿಡಿದು, ಇನ್ನೊಂದರಿಂದ ಸಾವಕಾಶವಾಗಿ ಎಳೆಯತೊಡಗಿದರು. ಆ ಭುಜ ಇನ್ನೂ ನಡುಗುತ್ತಿತ್ತು.