ಅಪ್ಪನ ಶೂಗಳಿಗೆ ಗಾಳಿ

ಶೂ ವಾಸನೆಯ ಮಾತನ್ನು ಯಾರೂ ಎತ್ತೋದಿಲ್ಲ. ಎತ್ತಿದರೆ ಮರ್ಯಾದೆ ಪ್ರಶ್ನೆ ನೋಡಿ! ನೆಂಟರು ಬಾಗಿಲಲ್ಲಿ ಶೂ ಬಿಚ್ಚಿದರೆ ಮನೆಯವರೆಲ್ಲ ಉಸಿರು ಬಿಗಿಹಿಡಿದು "ಬನ್ನಿ ಬನ್ನಿ" ಅಂತ ಹಲ್ಲು ಕಿರಿಯುತ್ತಾರೆ. ಅವರು ಅತ್ತ ಹೋದ ಮೇಲೆ ಇತ್ತ ಕಿಟಕಿ ತೆಗೆಯುತ್ತಾರೆ. ಟೈಲರಮ್ಮನ ಮನೆಯಲ್ಲಿ ಮಾತ್ರ ಈ ಮಾತು ಎತ್ತಲೇಬೇಕಾಗಿ ಬಂತು. ಎತ್ತಿದ್ದೇ ತಡ, ಅಮ್ಮ ಮಗಳು ಮುಖ ಊದಿಸಿಕೊಂಡು ಆ ಮೂಲೆಗೊಬ್ಬರು ಈ ಮೂಲೆಗೊಬ್ಬರು ಕೂತರು.

ಟೈಲರಮ್ಮ ಬೀದಿಯವರಿಗೆಲ್ಲ ಬಟ್ಟೆ ಹೊಲಿದುಕೊಡುವವಳು. ಮುಂದಿನ ಕೋಣೆಯಲ್ಲೇ ಅವಳ ಮಿಷನ್ನು. ಗಂಡ ಬಸ್ ಡ್ರೈವರ್ ಆಗಿದ್ದ, ತೀರಿಕೊಂಡು ವರ್ಷಗಳೇ ಆಗಿದ್ದವು. ಇದ್ದದ್ದು ಒಬ್ಬಳೇ ಮಗಳು. ಸಣ್ಣವಳಿದ್ದಾಗ ಅಪ್ಪನ ದೊಡ್ಡ ಶೂಗಳೊಳಗೆ ಕಾಲು ತೂರಿಸಿಕೊಂಡು, ಊಟದ ತಟ್ಟೆಯನ್ನೇ ಸ್ಟೀರಿಂಗ್ ಮಾಡಿಕೊಂಡು, "ಪೋಂ ಪೋಂ" ಅಂತ ಮನೆಯೆಲ್ಲ ಬಸ್ ಓಡಿಸುತ್ತಿದ್ದಳು. ಅಪ್ಪ ಅವಳನ್ನು ಕರೆಯುತ್ತಿದ್ದದ್ದೇ ಪೋಂಪೋಂ ಅಂತ.

"ಈ ಶೂ ನಿನ್ನ ಕಾಲಿಗೆ ಸರಿಹೋದ ದಿನ ನನ್ನ ಸೀಟು ನಿಂಗೇ ಬಿಟ್ಟುಕೊಡ್ತೀನಿ ಕಣೇ," ಅನ್ನುತ್ತಿದ್ದ.

ಈಗ ಪೋಂಪೋಂ ನಿಜವಾಗಿಯೂ ಡ್ರೈವರ್ ಆಗಿದ್ದಳು. ಬರುವ ವಾರವೇ ಮೊದಲ ಡ್ಯೂಟಿ, ಅದೂ ಅಪ್ಪ ದುಡಿದ ಡಿಪೋದಲ್ಲೇ. ಟೈಲರಮ್ಮನಿಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಇಷ್ಟು ವರ್ಷ ಅವಳು ಕಾದಿದ್ದದ್ದು ಈ ದಿನಕ್ಕೇ. ಮಂಚದ ಕೆಳಗಿನಿಂದ ಟ್ರಂಕು ಎಳೆದಳು. ಅದರೊಳಗೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಇನ್ನೊಂದು, ಬಾಯಿಗೆ ಹೊಲಿಗೆ ದಾರದ ಬಿಗಿ ಗಂಟು. ಗಂಡ ಕಡೆಯ ಸಲ ಮಳೆಯಲ್ಲಿ ನೆನೆದು ಬಂದು, ಎದೆ ನೋವು ಅಂತ ಮಲಗುವ ಮೊದಲು ಬಿಚ್ಚಿಟ್ಟ ಶೂಗಳು ಅವು. ಅವನ ವಾಸನೆ ಹೋಗದಿರಲಿ ಅಂತ ಹಾಗೇ ಕಟ್ಟಿಟ್ಟಿದ್ದಳು. ನೆನಪಾದಾಗ ಗಂಟು ಬಿಚ್ಚಿ, ಒಂದಿಷ್ಟು ಪೌಡರ್ ಉದುರಿಸಿ, ಮತ್ತೆ ಕಟ್ಟುತ್ತಿದ್ದಳು.

"ತಗೋ ಪುಟ್ಟಾ. ಮೊದಲ ದಿನ ಇದನ್ನೇ ಹಾಕ್ಕೊಂಡು ಹೋಗು."

ಪೋಂಪೋಂ ಚೀಲದ ಬಾಯಿ ಬಿಚ್ಚಿದಳು. ಬಿಚ್ಚಿದವಳೇ ಹಿಂದಕ್ಕೆ ಹಾರಿದಳು.

"ಅಯ್ಯಯ್ಯೋ ಅಮ್ಮಾ! ಒಳಗೆ ಇಲಿಗಿಲಿ ಸತ್ತಿದೆಯಾ?"

"ಇಲಿಯಂತೆ ಇಲಿ! ಅದು ನಿಮ್ಮಪ್ಪ ಕಣೇ!"

ಅಂದುಬಿಟ್ಟು ಟೈಲರಮ್ಮ ಅಳೋದಕ್ಕೇ ಶುರುಮಾಡಿದಳು. ಪೋಂಪೋಂಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಪ್ಪನ ಶೂ ಹಾಕಿಕೊಳ್ಳುವ ಆಸೆ ಅವಳಿಗೂ ಇತ್ತು. ಆದರೆ ಆ ನಾತ ಹೊತ್ತುಕೊಂಡು ಬಸ್ ಹತ್ತೋದು ಹೇಗೆ?

ಅಷ್ಟರಲ್ಲಿ ಪಕ್ಕದ ಮನೆಯ ನರ್ಸಕ್ಕ ಬಂದಳು. ಯೂನಿಫಾರ್ಮು ಸೊಂಟದಲ್ಲಿ ಬಿಗಿಯಾಗಿದೆ, ಸ್ವಲ್ಪ ಬಿಡಿಸಿಕೊಡು ಅಂತ ಕೇಳೋಕೆ ಬಂದವಳು ಬಾಗಿಲಲ್ಲೇ ನಿಂತಳು.

"ಯಾಕ್ರೇ, ಏನಾಯ್ತು? ಏನಿದು ವಾಸನೆ?"

ಟೈಲರಮ್ಮ ಎಲ್ಲ ಹೇಳಿದಳು. ನರ್ಸಕ್ಕ ಬಗ್ಗಿ ಶೂ ಒಳಗೆ ನೋಡಿದಳು. ಅಡಿಯ ಮೆತ್ತೆ ಕಪ್ಪಾಗಿ ಬೂಷ್ಟು ಹಿಡಿದಿತ್ತು, ಪೌಡರು ಹಿಟ್ಟಿನ ಹಾಗೆ ಗಟ್ಟಿಯಾಗಿತ್ತು.

"ಇದನ್ನ ತೊಳೆದು ಒಣಗಿಸಬೇಕು," ಅಂದಳು.

"ತೊಳೆದ್ರೆ ಅವರು ಹೋಗಿಬಿಡ್ತಾರಲ್ಲ ನರ್ಸಕ್ಕ! ಫೋಟೋದಲ್ಲಿ ಮುಖ ಇದೆ. ವಾಸನೆ ಇರೋದು ಇದ್ರಲ್ಲಿ ಮಾತ್ರ. ಬೇಕಾದ್ರೆ ಮೇಲೆ ಒಂದಿಷ್ಟು ಸೆಂಟು ಹೊಡೆಯೋಣ."

"ಸೆಂಟು ಹೊಡೆದ್ರೆ ಸೆಂಟು ಬೆರೆತ ನಾತ ಆಗುತ್ತೆ, ಅಷ್ಟೇ." ನರ್ಸಕ್ಕ ಅವಳ ಪಕ್ಕ ಕೂತಳು. "ಅದಿರಲಿ, ಡ್ರೈವರಣ್ಣ ಡ್ಯೂಟಿ ಮುಗಿಸಿ ಬಂದ ಕೂಡಲೇ ಏನು ಮಾಡ್ತಿದ್ರು? ಹೇಳು."

ಟೈಲರಮ್ಮ ಕಣ್ಣೊರೆಸಿಕೊಂಡಳು. ಆ ಸಂಜೆಗಳು ಎಲ್ಲಿ ಹೋದವೋ! ಮೂಲೆಯಲ್ಲಿ ಬಸ್ ನಿಂತ ಸದ್ದಾದರೆ ಸಾಕು, ಮಗಳು ಬಾಗಿಲಿಗೆ ಓಡುತ್ತಿದ್ದಳು.

"ಮೊದಲು ಲೇಸು ಪೂರ್ತಿ ಸಡಿಲ ಮಾಡೋರು. ಶೂ ನಾಲಿಗೆ ಹೊರಗೆ ಎಳೆದು, ಒಳಗಿನ ಮೆತ್ತೆ ತೆಗೆದು, ಕಿಟಕಿ ಕಟ್ಟೆ ಮೇಲೆ ಗಾಳಿಗೆ ಇಡೋರು. ಮಳೆ ದಿನ ಆದ್ರೆ ಹಳೇ ಪೇಪರು ಉಂಡೆ ಮಾಡಿ ಒಳಗೆ ತುರುಕೋರು, ಒದ್ದೆ ಆದ್ರೆ ಬದಲಾಯಿಸೋರು. ಕಾಲುಚೀಲ ಆವತ್ತಿಂದು ಆವತ್ತೇ ಒಗೆಯೋರು. ಆಮೇಲೆ ಸೋಪು ಹಚ್ಚಿ ಕಾಲು ತೊಳೆದು, ಬೆರಳ ಸಂದು ಸಂದು ಒರೆಸಿಕೊಳ್ಳೋರು. 'ಪಾದಕ್ಕೆ ಇಷ್ಟು ಉಪಚಾರನಾ, ನನಗೆ ಒಂದು ದಿನ ಮಾಡಿದ್ದುಂಟಾ?' ಅಂತ ನಾನು ಛೇಡಿಸ್ತಿದ್ದೆ."

"ಎರಡು ಜೊತೆ ಇತ್ತಲ್ಲಮ್ಮ," ಪೋಂಪೋಂ ಮೆಲ್ಲಗೆ ಹತ್ತಿರ ಸರಿದಳು. "ಇವತ್ತು ಒಂದು, ನಾಳೆ ಇನ್ನೊಂದು. 'ಇವತ್ತು ಇದಕ್ಕೆ ರಜಾ' ಅಂತಿದ್ರು ಅಪ್ಪ."

"ಹೂಂ ಕಣೇ! ರಜಾ ಕೊಡೋರು ಶೂಗೆ!" ಟೈಲರಮ್ಮ ಅಳುವಿನಲ್ಲೇ ನಕ್ಕಳು.

"ಹಾಗಾದ್ರೆ ಹೇಳು," ಅಂದಳು ನರ್ಸಕ್ಕ. "ಅಣ್ಣ ಇದ್ದಾಗ ಅವರ ಶೂ ಯಾವತ್ತಾದ್ರೂ ಹೀಗೆ ನಾರಿದ್ದುಂಟಾ?"

ಟೈಲರಮ್ಮ ಮಿಷನ್ನಿನ ಕಡೆ ತಿರುಗಿದಳು. ಅದರ ಮೇಲಿನ ಬಟ್ಟೆಯನ್ನು ಸುಮ್ಮನೆ ಮಡಚಿದಳು, ಬಿಚ್ಚಿದಳು.

"ಇಲ್ಲ," ಅಂದಳು ಕೊನೆಗೆ. "ಒಂದು ದಿನವೂ ಇಲ್ಲ. ಹಾಗಾದ್ರೆ ನಾನು ಇಷ್ಟು ವರ್ಷ ಕಟ್ಟಿಟ್ಟದ್ದು ಏನನ್ನ?"

ನರ್ಸಕ್ಕ ಅವಳ ಕೈ ಹಿಡಿದುಕೊಂಡಳು. "ಬೆವರಿಗೆ ತಾನಾಗಿ ಅಷ್ಟೇನೂ ವಾಸನೆ ಇರಲ್ಲ ಕಣೇ. ಒದ್ದೆ, ಕತ್ತಲೆ, ಬೆಚ್ಚಗೆ ಇರೋ ಕಡೆ ಸೂಕ್ಷ್ಮಜೀವಿಗಳು ಸಂಸಾರ ಹೂಡ್ತವೆ. ಬೆವರು ತಿಂದು ನಾತ ಬಿಡ್ತವೆ. ನೀನು ಒದ್ದೆ ಶೂ ಪ್ಲಾಸ್ಟಿಕ್ಕಿನಲ್ಲಿ ಬಿಗಿದೆ, ಅವಕ್ಕೆ ಬಾಡಿಗೆ ಇಲ್ಲದ ಮನೆ ಸಿಕ್ತು. ಇದು ಅವುಗಳ ವಾಸನೆ. ಅಣ್ಣಂದಲ್ಲ."

ಪೋಂಪೋಂ ಮುಸಿಮುಸಿ ನಕ್ಕಳು.

"ನೀನೇನು ನಗ್ತೀಯಾ? ನಿನ್ನ ಶೂ ತಾ ನೋಡೋಣ!"

ಪೋಂಪೋಂ ಮುಖ ಸಣ್ಣದಾಯಿತು. ಟ್ರೈನಿಂಗಿಗೆ ಹಾಕಿಕೊಂಡು ಹೋಗುತ್ತಿದ್ದ ಶೂ ಗಾಳಿಯಾಡದ ಬೀರುವಿನಲ್ಲಿತ್ತು, ಒಳಗೆ ನಿನ್ನೆಯ ನೈಲಾನ್ ಕಾಲುಚೀಲ ಮುದ್ದೆಯಾಗಿ ಕೂತಿತ್ತು. ಜೊತೆಯವರು ಅವಳ ಪಕ್ಕದ ಸೀಟು ಯಾಕೆ ಖಾಲಿ ಬಿಡುತ್ತಿದ್ದರು ಅಂತ ಆಗ ಗೊತ್ತಾಯಿತು. ಅಪ್ಪನ ಮಗಳಾಗಿ ಇದೆಂಥ ಗತಿ ಅಂತ ನಾಚಿಕೆಯೂ ಆಯಿತು.

"ಬೆರಳ ಸಂದಿನಲ್ಲಿ ತುರಿಕೆ ಇದೆಯಾ? ಚರ್ಮ ಸುಲಿಯುತ್ತಾ?"

"ಇಲ್ಲಕ್ಕ."

"ಪುಣ್ಯ. ಇದ್ದಿದ್ರೆ ನಾಳೆನೇ ಆಸ್ಪತ್ರೆಗೆ ಎಳ್ಕೊಂಡು ಹೋಗ್ತಿದ್ದೆ. ಅದಕ್ಕೆ ಔಷಧಿ ಬೇಕು. ಮತ್ತೆ ಒಬ್ಬರು ಹಾಕಿದ ಶೂ ಇನ್ನೊಬ್ಬರು ಹಾಕಬಾರದು. ಅಪ್ಪಂದಾದ್ರೂ ಸರಿ, ಬೇಡ."

ಟೈಲರಮ್ಮನ ಮುಖ ಮತ್ತೆ ಸಪ್ಪಗಾಯಿತು. "ಹಾಗಾದ್ರೆ ಅವರು ಕೊಟ್ಟ ಮಾತು?"

ಆಮೇಲೆ ಟೈಲರಮ್ಮನೇ ಬಗ್ಗಿ, ಗಂಡನ ಶೂಗಳಿಂದ ಲೇಸುಗಳನ್ನು ಒಂದೊಂದೇ ತೂತಿನಿಂದ ಬಿಡಿಸತೊಡಗಿದಳು. ದಾರದ ವಿಷಯ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಇದು ಹತ್ತಿದು. ಇದನ್ನ ಕುದಿಸಬಹುದಲ್ಲ?"

"ಧಾರಾಳವಾಗಿ," ಅಂದಳು ನರ್ಸಕ್ಕ.

ಮಾರನೆಯ ದಿನ ಮನೆಯಲ್ಲಿ ಕೆಲಸವೋ ಕೆಲಸ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಳೇ ಮೆತ್ತೆಗಳನ್ನು ಕಿತ್ತು ಎಸೆದರು. ಸೋಪುನೀರಿನ ಬಟ್ಟೆಯಿಂದ ಒಳಗೆ ಹೊರಗೆ ಒರೆಸಿದರು. ಚರ್ಮ ಬಿರಿಯುತ್ತದೆ ಅಂತ ಸುಡುಬಿಸಿಲಿಗೆ ಇಡದೆ, ಗಾಳಿಯಾಡುವ ನೆರಳಲ್ಲಿ ಪೂರ್ತಿ ಒಣಗಿಸಿದರು. ಪೋಂಪೋಂ ತನ್ನ ಶೂಗೂ ಹೊಸ ಮೆತ್ತೆ ತಂದಳು, ಹತ್ತಿಯ ಕಾಲುಚೀಲ ತಂದಳು. ರಾತ್ರಿ ತೆಳುಬಟ್ಟೆಯಲ್ಲಿ ಅಡುಗೆ ಸೋಡಾ ಕಟ್ಟಿ ಒಳಗಿಟ್ಟು, ಬೆಳಗ್ಗೆ ತೆಗೆದಳು. ನಾತ ದಿನದಿನಕ್ಕೂ ಇಳಿಯುತ್ತ ಬಂದು, ಕೊನೆಗೆ ಇಲ್ಲವೇ ಇಲ್ಲ ಅನ್ನುವಂತಾಯಿತು.

ಆಮೇಲೆ ಟೈಲರಮ್ಮ ಗಂಡನ ಶೂಗಳನ್ನು ಮಡಿಲಲ್ಲಿಟ್ಟುಕೊಂಡು ಪಾಲಿಶ್ ಹಚ್ಚಿದಳು. ಬ್ರಷ್ ನಾಲ್ಕು ಸಲ ಆಡಿತೋ ಇಲ್ಲವೋ, ಅವಳ ಕೈ ನಿಂತಿತು. ಪಾಲಿಶಿನ, ಬೆಚ್ಚಗಾದ ಚರ್ಮದ ವಾಸನೆ. ಅಪ್ಪ ಮಗಳು ಕಿಟಕಿ ಕೆಳಗೆ ಕೂತು ಶೂ ಉಜ್ಜುತ್ತಿದ್ದ ರಜಾದಿನಗಳು. ಮಗಳ ಮೂಗಿನ ತುದಿಗೆ ಕಪ್ಪು ಬಳಿದು ಅವನು ನಗುತ್ತಿದ್ದದ್ದು.

"ಪುಟ್ಟಾ, ಬಾ ಇಲ್ಲಿ! ಮೂಸಿ ನೋಡೇ!"

ಪೋಂಪೋಂ ಓಡಿಬಂದು ಮೂಸಿದಳು. ಅವಳ ಕಣ್ಣು ತುಂಬಿತು.

"ಅಪ್ಪ," ಅಂದಳು.

ಮೊದಲ ಡ್ಯೂಟಿಯ ದಿನ ಪೋಂಪೋಂ ತನ್ನದೇ ಶೂ ಹಾಕಿಕೊಂಡಳು, ಲೇಸು ಮಾತ್ರ ಅಪ್ಪನದು. ಅಮ್ಮನೇ ಕೂತು ಗಂಟು ಹಾಕಿದಳು. ಬಸ್ಸು ಬೀದಿ ಮೂಲೆ ದಾಟುವಾಗ "ಪೋಂ ಪೋಂ" ಅಂದದ್ದು ಬೀದಿಗೆಲ್ಲ ಕೇಳಿಸಿತು. ಸಂಜೆ ಬಂದವಳು ಯಾರೂ ಹೇಳದೆ ಲೇಸು ಸಡಿಲಿಸಿ, ನಾಲಿಗೆ ಹೊರಗೆಳೆದು, ಶೂಗಳನ್ನು ಕಿಟಕಿ ಕಟ್ಟೆಯ ಮೇಲೆ ಅಪ್ಪನ ಶೂಗಳ ಪಕ್ಕದಲ್ಲಿಟ್ಟಳು. ಟೈಲರಮ್ಮ ಮಿಷನ್ ನಿಲ್ಲಿಸಿ ನೋಡುತ್ತಲೇ ಕೂತಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಶೂಗಳು ಈಗ ಎಲ್ಲಿವೆ? ಬೀರುವಿನ ಕತ್ತಲಲ್ಲೋ, ಚೀಲದೊಳಗೋ? ಎದ್ದು ಹೋಗಿ ಹೊರಗೆ ತೆಗೆಯಿರಿ. ಕಾಲು ತೊಳೆದು ಬೆರಳ ಸಂದು ಒರೆಸಿಕೊಳ್ಳಿ, ದಿನಾ ಒಗೆದ ಕಾಲುಚೀಲ ಹಾಕಿಕೊಳ್ಳಿ, ಸಾಧ್ಯವಾದರೆ ಶೂಗೂ ದಿನ ಬಿಟ್ಟು ದಿನ ರಜಾ ಕೊಡಿ. ತುರಿಕೆ ಇದ್ದರೆ ನಾಚಿಕೆ ಬಿಟ್ಟು ಆಸ್ಪತ್ರೆಗೆ ಹೋಗಿ. ನಾಳೆ ನಿಮ್ಮ ಮಕ್ಕಳು ನಿಮ್ಮ ಶೂ ಎತ್ತಿ ಮೂಸಿದರೆ ಅವರಿಗೆ ನೆನಪಾಗಬೇಕಾದ್ದು ನೀವು. ಇವತ್ತು ಸಂಜೆಯೇ ಕಿಟಕಿ ತೆಗೆಯಿರಿ.